ನಾನು ಹಿಂಬಾಲಿಸಿದ ಚಕ್ರ

ಡಲ್ಲಾಸ್ ಕಡೆಯ ಕನ್ನಡದವರ ಮನೆಗಳಲ್ಲಿ ಶನಿವಾರ ಸಂಜೆ ಊಟಕ್ಕೆ ಸೇರಿದಾಗ, ಮಕ್ಕಳೆಲ್ಲ ಮಹಡಿ ಹತ್ತಿ ಹೋದ ಮೇಲೆ, ಯಾರಾದರೊಬ್ಬರು ದೆವ್ವದ ವಿಷಯ ತೆಗೆದೇ ತೆಗೆಯುತ್ತಾರೆ. ಯಾರದೋ ಸೋದರಮಾವ ಘಾಟಿಯಲ್ಲಿ ಬಿಳಿ ಸೀರೆಯವಳನ್ನು ಕಂಡದ್ದು, ಯಾರದೋ ಹಾಸ್ಟೆಲಿನಲ್ಲಿ ಬೀಗ ಹಾಕಿದ ಕೋಣೆಯೊಳಗೆ ಫ್ಯಾನು ತಿರುಗಿದ್ದು. ಆ ಮಾತು ಶುರುವಾದ ಕೂಡಲೇ ನಾನು ತಟ್ಟೆ ಹಿಡಿದುಕೊಂಡು ಮೊಸರನ್ನದ ಕಡೆಗೆ ಹೋಗುತ್ತಿದ್ದೆ. ನಂಬುವುದಿಲ್ಲ ಎಂದು ವಾದಕ್ಕೆ ನಿಂತವನಲ್ಲ. ಬೇಸರವಾಗುತ್ತಿತ್ತು, ಅಷ್ಟೆ. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಇಂಥ ಕಡೆ ಏನೋ ದೋಷ ಕಂಡಿತು ಎಂದು ಯಾರಾದರೂ ಬಂದರೆ, ಇನ್ನೊಮ್ಮೆ ಮಾಡಿ ತೋರಿಸಿ ಎನ್ನುತ್ತೇವೆ. ತೋರಿಸಲಾಗದಿದ್ದರೆ ಆ ದೂರನ್ನು ಮುಚ್ಚಿ ಮನೆಗೆ ಹೋಗುತ್ತೇವೆ.

ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಇನ್ನೊಮ್ಮೆ ಮಾಡಿ ತೋರಿಸಿ ಎಂದರೆ ನನ್ನಿಂದಾಗದು. ಇದರಲ್ಲಿ ಬಿಳಿ ಸೀರೆ ಇಲ್ಲ, ರಾತ್ರಿಯೂ ಇಲ್ಲ. ಮಧ್ಯಾಹ್ನ ಮೂರು ಗಂಟೆ, ಡಾಂಬರು ರಸ್ತೆ, ಎರಡು ಸೈಕಲ್ಲು. ಎರಡು ಎನ್ನುವುದೇ ತಕರಾರಿನ ವಿಷಯ. ಇಲ್ಲಿಗೇ ಸಾಕು ಎಂದು ನೀವು ಮೊಸರನ್ನದ ಕಡೆಗೆ ಎದ್ದು ಹೋದರೆ ನನಗೆ ಬೇಜಾರಿಲ್ಲ.

ಮೊದಲು ಮನೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ನಾವಿರುವುದು ಡಲ್ಲಾಸಿಗೆ ಅಂಟಿಕೊಂಡಿರುವ ಇರ್ವಿಂಗಿನಲ್ಲಿ. ನಾನು ಮೈಸೂರಿನವನು, ಹೆಂಡತಿ ಶೈಲಾ ಧಾರವಾಡದವಳು. ಇಬ್ಬರೂ ಅಲ್ಲೇ ಲಾಸ್ ಕೊಲಿನಾಸ್ ಬಡಾವಣೆಯ ಆಫೀಸುಗಳಲ್ಲಿ ಕೆಲಸಕ್ಕಿದ್ದೆವು. ಅನಘಾ ಒಬ್ಬಳೇ ಮಗಳು. ಅವಳಿಗೆ ಹದಿನಾಲ್ಕು ತುಂಬಿದ ವರ್ಷ ಒಂದು ಜ್ವರ ಬಂತು. ಮೂರನೆಯ ದಿನ ಅವಳಿಗೆ ತನ್ನ ಕೋಣೆಯೇ ಗುರುತು ಸಿಗಲಿಲ್ಲ. ಮಿದುಳಿಗೆ ಸೋಂಕು ತಗುಲಿದೆ ಎಂದರು. ಏಳು ವಾರ ಆಸ್ಪತ್ರೆಯಲ್ಲಿದ್ದಳು. ಪ್ರಾಣ ಉಳಿಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು, ಆಗಾಗ ಫಿಟ್ಸ್ ಬರತೊಡಗಿತು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ ಯಾವ ಭಾಷೆಯಲ್ಲೂ ಉತ್ತರ ಕೊಡದಂತಾದಳು.

ಶೈಲಾ ಕೆಲಸ ಬಿಟ್ಟಳು. ಬಿಡುವ ಮೊದಲು ನನ್ನನ್ನು ಕೇಳಲಿಲ್ಲ, ನಾನೂ ಬೇಡ ಎನ್ನಲಿಲ್ಲ. ಬೆಳಿಗ್ಗೆ ಐದಕ್ಕೆ ಮಗಳನ್ನು ಮಗ್ಗುಲಾಗಿಸುವುದರಿಂದ ಹಿಡಿದು ರಾತ್ರಿಯ ಔಷಧಿಯವರೆಗೆ ಎಲ್ಲ ಅವಳೇ. ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತುವುದು, ಸ್ನಾನ, ಊಟ, ಕೈಕಾಲಿಗೆ ವ್ಯಾಯಾಮ. ವಾರದ ದಿನಗಳಲ್ಲಿ ಎರಡು ಗಂಟೆ ಒಬ್ಬ ನರ್ಸ್ ಬಂದು ಹೋಗುತ್ತಿದ್ದರು. ನಾನು ಏನು ಮಾಡುತ್ತಿದ್ದೆ ಎಂದು ಕೇಳಿದರೆ, ಪಟ್ಟಿ ಚೆನ್ನಾಗಿಯೇ ಇದೆ. ವಿಮೆಯವರ ಜೊತೆ ಫೋನಿನಲ್ಲಿ ಗುದ್ದಾಡುತ್ತಿದ್ದೆ, ಔಷಧಿ ತರುತ್ತಿದ್ದೆ, ಕಸ ಹೊರಗಿಡುತ್ತಿದ್ದೆ, ಆಫೀಸಿಗೆ ಹೋಗುತ್ತಿದ್ದೆ. ಆದರೆ ಮಗಳ ಕೋಣೆಯ ಹೊಸ್ತಿಲಿನವರೆಗೆ ಹೋದವನಿಗೆ ಒಳಗೆ ಕಾಲಿಡಲು ಆಗುತ್ತಿರಲಿಲ್ಲ. ದುಃಖ ತಡೆಯಲಾಗದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಏನೂ ಅನಿಸುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ತುಟಿ ನಮ್ಮದಲ್ಲವೆಂಬಂತೆ ಜೋತುಬೀಳುತ್ತದಲ್ಲ, ಎದೆಯೊಳಗೆ ಹಾಗಿತ್ತು. ಅದು ಇಳಿಯಲಿ ಎಂದು ಮೊದಮೊದಲು ಕಾದೆ. ಆಮೇಲೆ ಇಳಿಯದಿದ್ದರೇ ಒಳ್ಳೆಯದು ಎನಿಸತೊಡಗಿತು.

ಸೈಕಲ್ ಹಿಡಿದದ್ದು ಆಗ. ನನ್ನ ಹಳೆಯ ಸಹಪಾಠಿ ಪ್ರಸನ್ನ ಆಸ್ಟಿನ್ ಹತ್ತಿರದ ಲಿಯಾಂಡರಿನಲ್ಲಿದ್ದಾನೆ. ಅವನದೊಂದು ಸಣ್ಣ ಗುಂಪು, ಎಲ್ಲ ನಮ್ಮ ಕಡೆಯವರೇ, ಶನಿವಾರ ಬೆಳಿಗ್ಗೆ ಅಲ್ಲಿನ ಗುಡ್ಡದ ರಸ್ತೆಗಳಲ್ಲಿ ಸೈಕಲ್ ಹೊಡೆಯುತ್ತಿತ್ತು. ತಿಂಗಳಿಗೊಮ್ಮೆ ಹೋಗುತ್ತಿದ್ದವನು ಬರಬರುತ್ತ ಪ್ರತಿ ವಾರವೂ ಹೋಗತೊಡಗಿದೆ. ಶುಕ್ರವಾರ ಆಫೀಸು ಮುಗಿದ ಕೂಡಲೇ ಮೂರು ಗಂಟೆ ಡ್ರೈವ್ ಮಾಡಿ ಲಿಯಾಂಡರ್ ಸೇರುತ್ತಿದ್ದೆ, ಭಾನುವಾರ ಮಧ್ಯಾಹ್ನ ವಾಪಸು. ಶೈಲಾ ಒಂದು ಸಲವೂ ಬೇಡ ಎಂದವಳಲ್ಲ.

ಗುಂಪಿನಲ್ಲಿ ಸೈಕಲ್ ಹೊಡೆಯುವವರಿಗೆ ಒಂದು ಪದ್ಧತಿ ಇದೆ. ಎದುರುಗಾಳಿ ಇದ್ದಾಗ ಒಬ್ಬರ ಹಿಂದೆ ಒಬ್ಬರು, ಮುಂದಿನವರ ಹಿಂಚಕ್ರಕ್ಕೆ ಗೇಣು ದೂರದಲ್ಲಿ ನಮ್ಮ ಮುಂಚಕ್ರ ಇಟ್ಟುಕೊಂಡು ಸಾಲಾಗಿ ಹೋಗುತ್ತೇವೆ. ಗಾಳಿಯನ್ನೆಲ್ಲ ಮುಂದಿನವನೇ ತಿನ್ನುತ್ತಾನೆ. ಹಿಂದಿನವರಿಗೆ ಅರ್ಧಕ್ಕರ್ಧ ಶ್ರಮ ಉಳಿಯುತ್ತದೆ. ಅದಕ್ಕೇ ಪಾಳಿ ಇರುತ್ತದೆ. ಕೆಲವು ನಿಮಿಷ ಎಳೆದ ಮೇಲೆ ಮುಂದಿನವನು ಮೊಣಕೈಯನ್ನು ಪಕ್ಕಕ್ಕೆ ಒಮ್ಮೆ ಕುಲುಕಿಸುತ್ತಾನೆ. ನನಗೆ ಸಾಕಾಯಿತು, ಈಗ ನೀನು ಬಾ ಎಂದು ಅದರ ಅರ್ಥ. ಅವನು ಪಕ್ಕಕ್ಕೆ ಸರಿದು ಹಿಂದೆ ಬರುತ್ತಾನೆ, ಎರಡನೆಯವನು ಮುಂದಾಗುತ್ತಾನೆ. ಕುಲುಕಿಸಿದ್ದನ್ನು ಕಂಡೂ ಕಾಣದಂತೆ ಹಿಂದೆಯೇ ಉಳಿದವನನ್ನು ಕಾಫಿ ಅಂಗಡಿಯವರೆಗೂ ಎಲ್ಲರೂ ರೇಗಿಸುತ್ತಾರೆ. "ಏನ್ ಗುರು, ಪುಕ್ಕಟೆ ಸವಾರಿನಾ?" ಎಂದು ಪ್ರಸನ್ನ ಶುರುಮಾಡಿದರೆ ನಿಲ್ಲಿಸುವವನಲ್ಲ. ಆ ಮಾತು ಒಮ್ಮೆಯೂ ನನ್ನ ಪಾಲಿಗೆ ಬಂದಿರಲಿಲ್ಲ. ಸಾಲಿನಲ್ಲಿ ನಾನು ನನ್ನ ಪಾಳಿ ತಪ್ಪಿಸಿದವನಲ್ಲ ಎಂದು ನನಗೆ ಸಣ್ಣದೊಂದು ಜಂಬವೂ ಇತ್ತು.

ಅನಘಾ ಹಾಸಿಗೆ ಹಿಡಿದ ಮೂರನೆಯ ವರ್ಷ ಹೂಸ್ಟನ್ನಿನಲ್ಲಿ ಒಂದು ಕೆಲಸ ಸಿಕ್ಕಿತು. ಸಂಬಳ ಸ್ವಲ್ಪ ಹೆಚ್ಚು, ಆದರೆ ದಿನಾ ಆಫೀಸಿಗೆ ಹೋಗಬೇಕು. ವಾರವೆಲ್ಲ ಅಲ್ಲಿ, ಶನಿವಾರ ಭಾನುವಾರ ಮನೆ. ಉಳಿಯುವುದಕ್ಕೆ ಜಾಗವೂ ಸಿಕ್ಕಿತ್ತು. ನಮ್ಮ ಸೈಕಲ್ ಗುಂಪಿನಲ್ಲೇ ಹೂಸ್ಟನ್ನಿನ ಡಾಕ್ಟರೊಬ್ಬರಿದ್ದಾರೆ, ಉಡುಪಿ ಕಡೆಯವರು, ಅರವತ್ತು ದಾಟಿದವರು, ಭಟ್ಟರು. ಅವರ ಮನೆಯ ಮಹಡಿಯ ಕೋಣೆ ಖಾಲಿ ಇತ್ತು. ಬನ್ನಿ ಎಂದಿದ್ದರು. ನಾನು ಇದೆಲ್ಲವನ್ನೂ ಶೈಲಾಗೆ ಹೇಳಿರಲಿಲ್ಲ. ಮಗಳ ಖರ್ಚಿಗೆ ಒದಗುತ್ತದೆ ಎಂದು ಹೇಳಿದರೆ ಯಾರೂ ಇಲ್ಲವೆನ್ನುವಂತಿರಲಿಲ್ಲ. ಆದರೆ ನಾನು ಹೊರಟದ್ದು ಅದಕ್ಕಲ್ಲ ಎನ್ನುವುದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ವಾರಕ್ಕೆ ಐದು ರಾತ್ರಿ ಇಲ್ಲದಿರುವುದು ನನಗೆ ಬೇಕಾಗಿತ್ತು. ಐದು ಬೇಗನೇ ಆರಾಗುತ್ತದೆ ಎಂಬುದೂ ಗೊತ್ತಿತ್ತು. ಒಪ್ಪಿಗೆಯ ಪತ್ರ ಬರೆದು ಫೋನಿನಲ್ಲಿ ಇಟ್ಟುಕೊಂಡಿದ್ದೆ, ಕಳಿಸಿರಲಿಲ್ಲ. ಒಂದು ಸೋಮವಾರದವರೆಗೆ ಅವರು ಗಡುವು ಕೊಟ್ಟಿದ್ದರು.

ಆ ಸೋಮವಾರದ ಹಿಂದಿನ ವಾರ ನಾನು, ಪ್ರಸನ್ನ, ಭಟ್ಟರು ಮೂವರೂ ಕಾರ್ಸಿಕಾದಲ್ಲಿದ್ದೆವು. ಎರಡು ವರ್ಷದಿಂದ ಮಾತಾಡಿಕೊಂಡಿದ್ದ ಪ್ರವಾಸ. ನಾನು ಹೋಗುವುದೋ ಬೇಡವೋ ಎಂದು ಬಾಯಿಮಾತಿಗೆ ಕೇಳಿದಾಗ ಶೈಲಾ, "ಹೋಗಿ ಬರ್ರಿ, ನಾ ಇರ್ತೇನಲ್ಲ" ಎಂದಳು. ಹೊರಡುವ ಹಿಂದಿನ ದಿನ ಅನಘಾಗೆ ಎರಡು ಸಲ ಫಿಟ್ಸ್ ಬಂದಿತ್ತು. ಆದರೂ ಬೆಳಿಗ್ಗೆ ನೋಡಿದರೆ ನನ್ನ ಬ್ಯಾಗಿನ ಮೇಲೆ ಒಂದು ಡಬ್ಬಿ ಶೇಂಗಾ ಹೋಳಿಗೆ ಇತ್ತು. ಯಾವಾಗ ಮಾಡಿದಳೋ ತಿಳಿಯದು. ಡಬ್ಬಿಯನ್ನು ಬಟ್ಟೆಗಳ ನಡುವೆ ಇಟ್ಟು ಜಿಪ್ ಎಳೆದೆ.

ಕಾರ್ಸಿಕಾ ಮೆಡಿಟರೇನಿಯನ್ ಸಮುದ್ರದ ನಡುವಿನ ಒಂದು ದ್ವೀಪ, ಆದರೆ ಒಳಗೆ ಹೋದರೆ ಸಮುದ್ರ ಮರೆತೇಹೋಗುತ್ತದೆ. ಬರೀ ಬೆಟ್ಟ, ಬರೀ ಕಾಡು. ಕೆಳಗೆ ಮೊಣಕಾಲೆತ್ತರದ ಪೊದೆಗಳು, ಬಿಸಿಲಿಗೆ ದವನ, ಮರುಗ ಹಿಂಡಿದಂಥ ವಾಸನೆ. ಮೇಲೆ ಹೋದಂತೆ ಚೆಸ್ಟ್‌ನಟ್ ಮರಗಳು, ಅದಕ್ಕೂ ಮೇಲೆ ಪೈನ್. ರಸ್ತೆಯ ಅಂಚಿನಲ್ಲೇ ಹಂದಿಗಳು ಅಡ್ಡಾಡುತ್ತವೆ, ಅವು ಸಾಕಿದವೇ ಅಂತೆ. ಊರಿನ ಹೆಸರಿನ ಬೋರ್ಡುಗಳಿಗೆ ಯಾರೋ ಗುಂಡು ಹೊಡೆದು ತೂತು ಮಾಡಿರುತ್ತಾರೆ. ಪ್ರಸನ್ನ ಪ್ರತಿ ತಿರುವಿಗೂ ನಿಂತು ಫೋಟೋ ತೆಗೆಯುತ್ತಿದ್ದ. ಚೆಂದವಾಗಿದೆ ಎನ್ನುವುದು ನನಗೂ ಕಾಣುತ್ತಿತ್ತು. ಕಾಣುತ್ತಿತ್ತು ಅಷ್ಟೆ, ಒಳಕ್ಕಿಳಿಯುತ್ತಿರಲಿಲ್ಲ. ಸಂಜೆ ಮನೆಗೆ ಫೋನ್ ಮಾಡಿ, ಊಟವಾಯಿತಾ, ಔಷಧಿ ಆಯಿತಾ ಎಂದು ಕೇಳಿ ಇಡುತ್ತಿದ್ದೆ.

ಅದು ಗುರುವಾರ. ಗಡುವಿಗೆ ನಾಲ್ಕು ದಿನ ಉಳಿದಿತ್ತು. ಬೆಳಗಿನ ತಿಂಡಿಗೆ ಕೂತಾಗ ಭಟ್ಟರು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, "ಮತ್ತೆ, ಹೂಸ್ಟನ್ ವಿಷಯ ಮನೆಯಲ್ಲಿ ಹೇಳಿ ಆಯ್ತಾ?" ಎಂದು ಕೇಳಿದರು. ಆಯ್ತು ಎಂದೆ. ಅವರು ಒಳ್ಳೇದಾಯ್ತು ಎಂದು ಜಾಮಿನ ಬಾಟಲಿ ನನ್ನ ಕಡೆಗೆ ತಳ್ಳಿದರು. ಸುಳ್ಳು ಹೇಳಿದ್ದಕ್ಕೆ ಏನಾದರೂ ಅನಿಸೀತೇ ಎಂದು ಒಂದು ಕ್ಷಣ ನೋಡಿದೆ. ಅನಿಸಲಿಲ್ಲ. ಜಾಮ್ ಹಾಕಿಕೊಂಡು ತಿಂದೆ.

ಆ ದಿನದ ದಾರಿ ಒಂದು ಕಣಿವೆ ಹಿಡಿದು ಘಾಟಿಯ ನೆತ್ತಿಯವರೆಗೆ ಹೋಗುತ್ತಿತ್ತು. ಕಡಿದಾದ ಏರಲ್ಲ, ಉದ್ದದ ಏರು. ಭಟ್ಟರಿಗೆ ಮಂಡಿನೋವು, ನಿಧಾನ. ಅದಕ್ಕೆ ಅವರು ನಮಗಿಂತ ಒಂದೂವರೆ ಗಂಟೆ ಮೊದಲೇ ಹೊರಟು ನೆತ್ತಿಯಲ್ಲಿ ಕಾಯುವುದೆಂದು ಮಾತಾಯಿತು. ಮಧ್ಯಾಹ್ನ ಮಳೆ ಬಂದು ನಿಂತಿತು. ನಾನೂ ಪ್ರಸನ್ನನೂ ಕೊನೆಯ ಹಳ್ಳಿ ದಾಟುತ್ತಿದ್ದಂತೆ ಅವನ ಹಿಂಚಕ್ರ ಪಂಕ್ಚರ್ ಆಯಿತು. ನಿಂತೆ. "ನೀನು ಹೋಗ್ತಿರು ಗುರು, ಒದ್ದೆ ಬಟ್ಟೇಲಿ ನಿಂತ್ರೆ ಚಳಿ ಹಿಡಿಯುತ್ತೆ, ಹಿಂದೇನೇ ಬರ್ತೀನಿ" ಎಂದ. ಪಂಕ್ಚರ್ ಆದವರನ್ನು ಬಿಟ್ಟು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಎರಡನೆಯ ಸಲ ಹೇಳಿಸಿಕೊಳ್ಳದೆ ಹೊರಟೆ.

ಹಳ್ಳಿ ಮುಗಿದ ಮೇಲೆ ಪೈನ್ ಕಾಡು. ಗಾಳಿ ಕಣಿವೆಯ ಮೇಲಿನಿಂದ ನೇರ ಮುಖಕ್ಕೆ ಬೀಸುತ್ತಿತ್ತು. ರಸ್ತೆ ಒದ್ದೆ, ಅಂಚಿನಿಂದ ಕೆಂಪು ಮಣ್ಣು ಹರಿದು ಬಂದಿತ್ತು. ಮೊದಲ ಮೈಲಿಯಲ್ಲೇ ನನ್ನ ಕಾಲು ಸೋತಿತು. ತಲೆ ತಗ್ಗಿಸಿಕೊಂಡು ತುಳಿಯುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ತುಳಿತ ಹಗುರವಾಗಿರುವುದು ಗೊತ್ತಾಯಿತು. ಕಣ್ಣೆತ್ತಿದರೆ ಮುಂದೆ ಒಂದು ಹಿಂಚಕ್ರ ತಿರುಗುತ್ತಿತ್ತು. ನಾನು ಗೇಣು ದೂರದಲ್ಲಿ ಅದರ ಹಿಂದಿದ್ದೆ.

ಯಾವಾಗ ಅವರು ನನ್ನನ್ನು ದಾಟಿ ಮುಂದೆ ಬಂದರೆಂದು ಗೊತ್ತಿಲ್ಲ. ದಾಟುವವರು ಏನಾದರೊಂದು ಹೇಳಿ ದಾಟುತ್ತಾರೆ. ಅಂಥದ್ದೇನೂ ಕೇಳಿರಲಿಲ್ಲ. ಆಗ ನನಗೆ ಅದು ವಿಶೇಷವೆನಿಸಲಿಲ್ಲ. ಆ ರಸ್ತೆಗಳಲ್ಲಿ ಸೈಕಲ್ಲಿನವರು ಸಿಗುತ್ತಲೇ ಇರುತ್ತಾರೆ. ಯಾರೋ ಪುಣ್ಯಾತ್ಮರು ಎಳೆಯುತ್ತಿದ್ದಾರೆ, ಎಳೆಯಲಿ ಎಂದುಕೊಂಡೆ. ಗಂಡೋ ಹೆಂಗಸೋ ಎಂದು ಈಗ ಕೇಳಿದರೆ ಹೇಳಲಾರೆ. ಅಂಗಿಯ ಬಣ್ಣವನ್ನೂ ಹೇಳಲಾರೆ. ಇದು ನಿಮಗೆ ಅನುಮಾನ ಹುಟ್ಟಿಸಬಹುದು, ಆದರೆ ಹಿಂದೆ ಇರುವವನು ಚಕ್ರ ಬಿಟ್ಟು ಬೇರೇನೂ ನೋಡುವುದಿಲ್ಲ, ನೋಡಿದರೆ ಬೀಳುತ್ತಾನೆ. ನನಗೆ ನೆನಪಿರುವುದು ಆ ಟೈರಿನ ಒದ್ದೆ ಹೊಳಪು, ಅದು ಎರಚುತ್ತಿದ್ದ ಕೆಸರು ನೀರು, ಮತ್ತೆ ಒಂದು ಮೊಣಕೈ.

ಮೊದಲನೆಯ ಸಲ ಮೊಣಕೈ ಕುಲುಕಿದಾಗ ನಾನು ಸ್ಪಷ್ಟವಾಗಿ ಕಂಡೆ. ಅಭ್ಯಾಸದಂತೆ ಕೈ ಹ್ಯಾಂಡಲ್ಲಿನ ಮೇಲೆ ಬಿಗಿಯಾಯಿತು. ಆದರೆ ಮುಂದೆ ಹೋಗಲಿಲ್ಲ. ಇನ್ನು ಸ್ವಲ್ಪ ಹೊತ್ತು ಎಂದುಕೊಂಡೆ. ಅವರು ಏನೂ ಮಾಡದೆ ತುಳಿಯುತ್ತಲೇ ಇದ್ದರು. ಒಂದು ಕಲ್ಲಿನ ಸೇತುವೆ ದಾಟಿದ ಮೇಲೆ ಮತ್ತೆ ಕುಲುಕಿತು. ಆಗಲೂ ಹೋಗಲಿಲ್ಲ. ಯಾವ ಸವಾರನಾದರೂ ಇಷ್ಟು ಹೊತ್ತಿಗೆ ಪಕ್ಕಕ್ಕೆ ಸರಿದು, ಹಿಂತಿರುಗಿ ನೋಡಿ ಎರಡು ಮಾತು ಬೈದಿರುತ್ತಿದ್ದ. ಇವರು ತಿರುಗಿಯೂ ನೋಡಲಿಲ್ಲ. ನಾನು ನಿಧಾನಿಸಿದರೆ ಅವರೂ ನಿಧಾನಿಸುತ್ತಿದ್ದರು, ನಡುವಿನ ಗೇಣು ಗೇಣಾಗಿಯೇ ಇರುತ್ತಿತ್ತು. ಬೆನ್ನಿಗೆ ಕಣ್ಣಿಲ್ಲದವರಿಗೆ ಅದು ಹೇಗೆ ತಿಳಿಯುತ್ತಿತ್ತೋ.

ರಸ್ತೆಯಂಚಿನಲ್ಲಿ ಒಂದು ಹಂದಿ ಮರಿಗಳ ಜೊತೆ ಮಲಗಿತ್ತು. ಮುಂದಿನವರು ಅದರ ಮೂತಿಗೆ ತಾಗುವಷ್ಟು ಹತ್ತಿರದಲ್ಲಿ ಹೋದರು. ಅದು ಅಲುಗಲಿಲ್ಲ. ಅವರ ಹಿಂದೆಯೇ ನಾನು ಬಂದಾಗ ಧಡಕ್ಕನೆ ಎದ್ದು ಮರಿಗಳನ್ನು ಕಟ್ಟಿಕೊಂಡು ಕಾಡಿನೊಳಗೆ ಓಡಿತು. ಇದನ್ನು ಆಗಲೇ ಗಮನಿಸಿದೆನೋ ಅಥವಾ ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ. ಅಲ್ಲಿಂದ ಸ್ವಲ್ಪ ಮುಂದೆ ಮೂರನೆಯ ಸಲ.

ಭಯವಾಯಿತೇ ಎಂದು ಕೇಳುತ್ತೀರಿ. ಇಲ್ಲ. ಭಯವಾಗಬೇಕಾದರೂ ಒಳಗೆ ಏನಾದರೂ ಎಚ್ಚರವಾಗಿರಬೇಕು. ನಾಚಿಕೆಯಾದರೂ ಆಗಬೇಕಿತ್ತು. ಯಾರೋ ಒಬ್ಬರು ಅಷ್ಟು ಗಾಳಿಯನ್ನು ಎದೆಗೆ ತಡೆದುಕೊಂಡು ಮೈಲಿಗಟ್ಟಲೆ ಎಳೆಯುತ್ತಿದ್ದಾರೆ, ನಾನು ಗಟ್ಟಿಮುಟ್ಟಾದ ಗಂಡಸು ಹಿಂದೆ ಬಚ್ಚಿಟ್ಟುಕೊಂಡಿದ್ದೇನೆ. ಇದು ತಪ್ಪು ಎಂದು ತಲೆಗೆ ಗೊತ್ತಿತ್ತು. ಬೇರೆ ಯಾರದೋ ತಪ್ಪಿನ ಹಾಗೆ ಅದನ್ನು ನೋಡುತ್ತ ತುಳಿಯುತ್ತಿದ್ದೆ.

ನಾಲ್ಕನೆಯ ಸಲ ಮೊಣಕೈ ಕುಲುಕಿದ ಮೇಲೆ ಅವರು ಎಡಕ್ಕೆ ಸರಿದರು. ಗಾಳಿ ಒಮ್ಮೆಲೇ ಎದೆಗೆ ಬಡಿಯಿತು. ಎದುರಿಗೆ ಖಾಲಿ ರಸ್ತೆ ಬಿಟ್ಟರೆ ಏನೂ ಇರಲಿಲ್ಲ. ಆಗ ನಾನು ಮಾಡಬೇಕಾದದ್ದು ಒಂದೇ, ತುಳಿಯುವುದು. ನಾನು ತುಳಿಯುವುದನ್ನು ನಿಲ್ಲಿಸಿಬಿಟ್ಟೆ. ಕಾಲು ಕೆಳಗಿಟ್ಟು, ಹ್ಯಾಂಡಲ್ಲಿಗೆ ಹಣೆ ಆನಿಸಿಕೊಂಡು ನಿಂತೆ. ಹೆಚ್ಚೆಂದರೆ ಕಾಲು ನಿಮಿಷ ಆಗಿರಬಹುದು. ತಲೆಯೆತ್ತಿದರೆ ಯಾರೂ ಇಲ್ಲ. ಮುಂದೆ ರಸ್ತೆ ಕಾಡಿನ ಅಂಚಿನವರೆಗೂ ನೆಟ್ಟಗಿತ್ತು, ಹಿಂದೆಯೂ ನೆಟ್ಟಗಿತ್ತು. ಎಡಕ್ಕೆ ಬಂಡೆಯ ಗೋಡೆ, ಬಲಕ್ಕೆ ಇಳಿಜಾರು. ಸರಪಳಿಯ ಸದ್ದಿಲ್ಲ, ಚಕ್ರದ ಟಿಕ್ ಟಿಕ್ ಇಲ್ಲ. ಅಷ್ಟು ಹೊತ್ತೂ ಆ ಸದ್ದು ಇರಲಿಲ್ಲವೆಂಬುದು ನನಗೆ ಆಗ ಹೊಳೆಯಿತು.

ಕಾಡು ಮುಗಿದ ಮೇಲೆ ಎರಡು ತಿರುವು, ಆಮೇಲೆ ಘಾಟಿಯ ನೆತ್ತಿ. ಗಾಳಿಗೆ ತೂರಾಡುತ್ತ ಹೋದೆ. ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಭಟ್ಟರು ಕೂತು, ಬೆಳಿಗ್ಗೆ ನಾನು ಅವರ ಚೀಲಕ್ಕೆ ದಾಟಿಸಿದ್ದ ಡಬ್ಬಿಯಿಂದ ಶೈಲಾಳ ಹೋಳಿಗೆ ತಿನ್ನುತ್ತಿದ್ದರು. ನನ್ನನ್ನು ನೋಡಿ ನಕ್ಕರು.

"ಎಂತ ಮಾರಾಯ್ರೆ, ಯಾರ ಚಕ್ರ ಹಿಡ್ಕೊಂಡು ಬಂದದ್ದು? ಮುಖ ಇಡೀ ಕೆಸರು."

ಕನ್ನಡಕ ತೆಗೆದು ನೋಡಿದೆ. ಗಾಜಿನ ಮೇಲೆ ಕೆಂಪು ಕೆಸರು ಎರಚಿತ್ತು. ಕೆನ್ನೆ ಮುಟ್ಟಿದರೆ ಅಲ್ಲಿಯೂ. ಅಂಗಿಯ ಎದೆಯ ನಡುವೆ ಕೆಂಪು ಪಟ್ಟೆ. ಒಬ್ಬನೇ ಹೋದವನಿಗೆ ಕೆಸರು ಬೆನ್ನಿಗೆ ಹಾರುತ್ತದೆ, ತನ್ನದೇ ಹಿಂಚಕ್ರದಿಂದ. ಮುಖಕ್ಕೂ ಎದೆಗೂ ಹೀಗೆ ಹಾರುವುದು ಇನ್ನೊಬ್ಬರ ಹಿಂದೆ ಹೋದವನಿಗೆ. ಇದು ಸೈಕಲ್ ಹೊಡೆಯುವ ಯಾರಿಗೂ ಗೊತ್ತಿರುವ ವಿಷಯ, ಭಟ್ಟರು ಕೇಳಿದ್ದೂ ಅದೇ ಲೆಕ್ಕದಲ್ಲಿ.

"ಈಗ ಮುಂದೆ ಹೋದ್ರಲ್ಲ, ಅವರ ಹಿಂದೆ ಬಂದೆ" ಎಂದೆ.

"ಮುಂದೆ ಯಾರು ಹೋದದ್ದು? ನಾನು ಇಲ್ಲಿ ಕೂತು ಅರ್ಧ ಗಂಟೆ ಆಯ್ತು. ಒಂದು ವ್ಯಾನ್ ಹೋಯ್ತು, ಮತ್ತೆ ಜನ ಇಲ್ಲ. ನೀವು ಕಾಡಿಂದ ಹೊರಗೆ ಬರುವುದನ್ನೂ ನೋಡಿದ್ದೇನೆ. ಒಬ್ಬರೇ ಇದ್ದದ್ದು."

ಅರ್ಧ ಗಂಟೆ ಕಳೆದು ಪ್ರಸನ್ನ ಬಂದ. ಅವನ ಬೆನ್ನೆಲ್ಲ ಕೆಸರು, ಮುಖ ತೊಳೆದಿಟ್ಟ ಹಾಗಿತ್ತು. ನನ್ನನ್ನು ನೋಡಿದವನೇ, "ಯಾರನ್ನ ಹಿಡ್ಕೊಂಡೆ ಗುರು? ನನ್ನ ಬಿಟ್ಟು ಹೋದವನಿಗೆ ಒಳ್ಳೆ ಗಾಡಿ ಸಿಕ್ಕಿದೆ" ಎಂದ. ದಾರಿಯಲ್ಲಿ ಅವನಿಗೂ ಯಾರೂ ಎದುರಾಗಿರಲಿಲ್ಲ, ಯಾರೂ ಅವನನ್ನು ದಾಟಿ ಹೋಗಿರಲಿಲ್ಲ. ಹೋಳಿಗೆಯ ಡಬ್ಬಿ ಮುಂದೆ ಬಂದಾಗ ಬೇಡವೆಂದೆ.

ಆ ಸಂಜೆ ವಸತಿಯಲ್ಲಿ ಪ್ರಸನ್ನನಿಗೆ ಎಲ್ಲವನ್ನೂ ಹೇಳಿದೆ. ಮೊಣಕೈಯ ವಿಷಯ ಮಾತ್ರ ಬಿಟ್ಟೆ. ಅವನು ನಗಲಿಲ್ಲ. ನನ್ನ ಸೈಕಲ್ಲಿನ ಮೀಟರನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ, ಎಷ್ಟು ಬಲ ಹಾಕಿ ತುಳಿದಿದ್ದೇನೆ, ಎಷ್ಟು ವೇಗದಲ್ಲಿ ಹೋಗಿದ್ದೇನೆ ಎಂದು ನೋಡಿದ. ಬಹಳ ಹೊತ್ತು ನೋಡಿದ. "ಈ ಗಾಳೀಲಿ ಈ ಸ್ಪೀಡಿಗೆ ನೀನು ಇಷ್ಟು ಕಮ್ಮಿ ತುಳಿದಿರೋಕೆ ಆಗಲ್ಲ ಗುರು" ಎಂದ. ಆಮೇಲೆ ತಾನೇ, "ಕಾಡೊಳಗೆ ಗಾಳಿ ನಿಂತಿತ್ತೇನೋ. ಮೀಟರೂ ಒದ್ದೆಯಾಗಿದೆ" ಎಂದು ಮುಚ್ಚಿದ. ಕೆಸರಿಗೂ ಕಾರಣ ಹುಡುಕಬಹುದು. ಭಟ್ಟರು ಕಂಡ ವ್ಯಾನು ನನ್ನನ್ನು ದಾಟಿ ಹೋಗುವಾಗ ಎರಚಿರಬಹುದು. ಆ ವ್ಯಾನು ನನಗೆ ನೆನಪಿಲ್ಲ. ಆಗ ನಾನು ನಿದ್ದೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಪ್ರಸನ್ನ ಸೌಜನ್ಯಕ್ಕೆ ಆ ಮಾತು ಎತ್ತಲಿಲ್ಲ, ನಾನು ಹೇಳುತ್ತಿದ್ದೇನೆ.

ಆ ದಿನದಿಂದ ನಾನು ಬದಲಾಗಿಬಿಟ್ಟೆ ಎಂದು ಬರೆಯಲು ಚೆನ್ನಾಗಿರುತ್ತದೆ. ಆದರೆ ಹಾಗಾಗಲಿಲ್ಲ. ಶುಕ್ರವಾರ, ಶನಿವಾರ, ಭಾನುವಾರ ಫೋನು ತೆಗೆದು ಹೂಸ್ಟನ್ನಿನ ಪತ್ರ ನೋಡುತ್ತಿದ್ದೆ. ಕಳಿಸುವ ಬಟನ್ನಿನ ಮೇಲೆ ಬೆರಳಿಡುವುದು, ತೆಗೆಯುವುದು. ಬೇಡವೆಂದು ಇನ್ನೊಂದು ಪತ್ರ ಬರೆಯುವ ಧೈರ್ಯವೂ ಬರಲಿಲ್ಲ. ಸೋಮವಾರ ವಿಮಾನದಲ್ಲಿ ಕಳೆಯಿತು. ಡಲ್ಲಾಸಿನಲ್ಲಿ ಇಳಿದಾಗ ಗಡುವು ಮುಗಿದಿತ್ತು. ತೀರ್ಮಾನ ಮಾಡಿದೆ ಎಂದು ಹೇಳಿಕೊಳ್ಳಲಾರೆ. ದಿನ ದಾಟಿತು, ಅಷ್ಟೆ.

ಆ ರಾತ್ರಿ ಊಟ ಮಾಡುವಾಗ ಶೈಲಾಗೆ ಹೇಳಿದೆ. ಹೂಸ್ಟನ್ನಿನಲ್ಲಿ ಕೆಲಸ ಸಿಕ್ಕಿದ್ದು, ಭಟ್ಟರ ಮನೆಯ ಕೋಣೆ, ಎಲ್ಲ. ಹೋಗಲಿಲ್ಲ, ಬಿಟ್ಟೆ ಎಂದೆ. ಅಳುತ್ತಾಳೆ, ಇಲ್ಲವೆ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ತಟ್ಟೆಗೆ ಸಾರು ಬಡಿಸುತ್ತ, "ನನಗ ಗೊತ್ತಿತ್ತ್ರಿ. ಹೂಸ್ಟನ್ನಿನವರು ಕಳಿಸಿದ ಕಾಗದ ಪ್ರಿಂಟರಿನ್ಯಾಗ ಬಿಟ್ಟಿದ್ರಿ" ಎಂದಳು. ಹಾಗಾದರೆ ಹೋಳಿಗೆ ಕಟ್ಟುವ ಮೊದಲೇ ಅವಳಿಗೆ ತಿಳಿದಿತ್ತು. ಯಾಕೆ ಕೇಳಲಿಲ್ಲ ಎಂದೆ.

"ಏನಂತ ಕೇಳ್ಲಿ? ನೀವು ಇಲ್ಲಿದ್ರೂ ಅಷ್ಟ, ಅಲ್ಲಿದ್ರೂ ಅಷ್ಟ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ಮೂರು ವರ್ಷದಲ್ಲಿ ಮೊದಲ ಸಲ ನನಗೆ ನೋವಾಯಿತು. ಎಲ್ಲೋ ಆಳದಲ್ಲಿ, ಸ್ವಲ್ಪವೇ. ಆದರೂ ಆಯಿತು.

ಮರುದಿನ ಐದಕ್ಕೆ ಎದ್ದು, ಅನಘಾಳನ್ನು ಎತ್ತುವುದು ಹೇಗೆಂದು ತೋರಿಸು ಎಂದೆ. ಶೈಲಾ ನನ್ನ ಮುಖ ನೋಡಿ, ಮಗಳ ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿ, ಎಲ್ಲಿ ಹಿಡಿಯಬೇಕು, ಯಾವ ಕಾಲು ಮುಂದಿಡಬೇಕು ಎಂದು ತೋರಿಸಿದಳು. ಮೊದಲ ಸಲ ನಾನು ತಪ್ಪು ಹಿಡಿದೆ. ಅನಘಾ ಎಡಗೈಯಿಂದ ನನ್ನ ಕಿವಿಗೆ ಬಾರಿಸಿದಳು. ಅವಳ ಮೈ ನನ್ನ ಎಣಿಕೆಗಿಂತ ಭಾರವಿತ್ತು, ಬೆಚ್ಚಗಿತ್ತು. ಶೈಲಾ ಬಾಗಿಲಲ್ಲೇ ನಿಂತು ಕಾದಳು, ನಂಬಿಕೆ ಇರಲಿಲ್ಲ. ಎಷ್ಟೋ ವಾರ ಹಾಗೇ ನಿಲ್ಲುತ್ತಿದ್ದಳು. ಈಗ ಬೆಳಗಿನ ಕೆಲಸ ನನ್ನದು. ಅವಳು ಏಳರವರೆಗೆ ಮಲಗುತ್ತಾಳೆ, ಅಥವಾ ಮಲಗಿದಂತೆ ಇರುತ್ತಾಳೆ. ಆ ಮರಗಟ್ಟಿದ್ದು ಪೂರ್ತಿ ಇಳಿದಿದೆ ಎಂದು ಹೇಳಲಾರೆ. ಎಷ್ಟೋ ದಿನ ಏನೂ ಅನಿಸದೆಯೇ ಮಗಳ ಹಲ್ಲುಜ್ಜುತ್ತೇನೆ. ಹಲ್ಲಂತೂ ಉಜ್ಜಿ ಆಗಿರುತ್ತದೆ.

ಕಾರ್ಸಿಕಾದ ವಿಷಯವನ್ನು ಶೈಲಾಗೆ ಹೇಳಿದ್ದು ಒಂದು ವರ್ಷ ಕಳೆದ ಮೇಲೆ, ಒಂದು ಭಾನುವಾರ. ಒಗೆದ ಟವೆಲುಗಳನ್ನು ಇಬ್ಬರೂ ಮಡಿಸುತ್ತಿದ್ದೆವು. ಪ್ರಸನ್ನನಿಗೆ ಹೇಳದೆ ಬಿಟ್ಟಿದ್ದನ್ನೂ ಸೇರಿಸಿ ಹೇಳಿದೆ. ಕೆಸರು, ಮೀಟರು, ಭಟ್ಟರ ಮಾತು, ವ್ಯಾನು, ಮಾತ್ರೆ, ಎಲ್ಲ. ಯಾರಿರಬಹುದು ಎಂದು ನನಗೆ ತೋಚಿದ ನಾಲ್ಕೈದು ವಿವರಣೆಗಳನ್ನೂ ಒಂದೊಂದಾಗಿ ಮುಂದಿಟ್ಟೆ. ಅವಳಿಗೆ ಯಾವುದು ಸರಿ ಕಾಣುತ್ತದೋ ತಿಳಿಯುವ ಆಸೆಯಿತ್ತು. ಅವಳು ಯಾರಿರಬಹುದು ಎಂದು ಕೇಳಲೇ ಇಲ್ಲ. ಟವೆಲಿನ ಅಂಚು ಅಂಚಿಗೆ ಸೇರಿಸುತ್ತ ಕೇಳಿದಳು:

"ನಾಕು ಸಲ ಕರದ್ರೂ ನೀವು ಮುಂದ ಹೋಗಲಿಲ್ಲೇನು?"

ಇಲ್ಲ ಎಂದೆ.

"ಯಾಕ್ರಿ?"

ಆ ಸವಾರ ಯಾರು ಎನ್ನುವುದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ, ಮುಂದೆಯೂ ಸಿಗಲಿಕ್ಕಿಲ್ಲ. ಅದಕ್ಕೆ ಉತ್ತರವಿಲ್ಲದೆ ನಾನು ನಿದ್ದೆ ಮಾಡಬಲ್ಲೆ. ಶೈಲಾ ಕೇಳಿದ್ದು ಹಾಗಲ್ಲ. ಕೈಯಲ್ಲಿದ್ದ ಟವೆಲನ್ನು ಮಡಿಸಿ ರಾಶಿಯ ಮೇಲಿಟ್ಟೆ. ಅವಳು ಮಡಿಸಿದ ಟವೆಲುಗಳನ್ನು ಎತ್ತಿಕೊಂಡು ಅನಘಾಳ ಕೋಣೆಗೆ ಹೋದಳು.